ಅಮೆರಿಕದಲ್ಲಿ ಡಯಾಲಿಸಿಸ್: ವಾರಕ್ಕೆ ಮೂರು ಸಲವೋ, ದಿನಾ ರಾತ್ರಿಯೋ?

ಸೆಂಟರಿಗೆ ವಾರಕ್ಕೆ ಮೂರು ಸಲ ಹೋಗುವುದಕ್ಕಿಂತ ಮನೆಯಲ್ಲಿ ದಿನಾ ರಾತ್ರಿ ಡಯಾಲಿಸಿಸ್ ಮಾಡಿಕೊಂಡರೆ ಖರ್ಚು ಎರಡು ಪಟ್ಟು ಆಗುತ್ತದೆ ಎಂದು ನಮ್ಮವರಲ್ಲಿ ಅನೇಕರು ಹೆದರಿ ಹಿಂಜರಿಯುತ್ತಾರೆ. ನಾವೂ ಹೆದರಿದ್ದೆವು. ಲೆಕ್ಕ ಹಾಗಿಲ್ಲ.

ಕಿಡ್ನಿ ಪೂರ್ತಿ ಕೈಕೊಟ್ಟವರಿಗೆ ವಯಸ್ಸು ಎಷ್ಟೇ ಇರಲಿ, 1973ರಿಂದ ಇಲ್ಲಿ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಇದೆ. ಆದರೆ ನೀವೋ ನಿಮ್ಮ ಸಂಗಾತಿಯೋ ಇಲ್ಲಿ ದುಡಿದು ತೆರಿಗೆ ಕಟ್ಟಿ ಸಾಕಷ್ಟು ಕ್ರೆಡಿಟ್ (ದುಡಿಮೆಯ ಲೆಕ್ಕದ ಅಂಕ) ಗಳಿಸಿರಬೇಕು. ಮಕ್ಕಳ ಕ್ರೆಡಿಟ್ ಊರಿಂದ ಬಂದ ಅಪ್ಪ ಅಮ್ಮನಿಗೆ ದಕ್ಕುವುದಿಲ್ಲ; ಅವರನ್ನು ಕರೆಸಿಕೊಳ್ಳುವ ಮುಂಚೆ ಇದು ಗೊತ್ತಿರಲಿ.

2025ರಲ್ಲಿ ಒಂದು ಸಲದ ಡಯಾಲಿಸಿಸ್‌ಗೆ ಮೆಡಿಕೇರ್‌ನ ಮೂಲ ದರ 273.82 ಡಾಲರ್ ಇತ್ತು. ಔಷಧಿ, ರಕ್ತಪರೀಕ್ಷೆ ಬಹುತೇಕ ಅದರಲ್ಲೇ ಸೇರಿವೆ. ಊರು, ವಯಸ್ಸು ನೋಡಿ ದರ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಮೆಡಿಕೇರ್ ಕೊಡುವುದು ಶೇ. 80, ಉಳಿದದ್ದು ನಿಮ್ಮದು: ಆ ದರದಲ್ಲಿ ಸಲಕ್ಕೆ ಸುಮಾರು 55, ತಿಂಗಳಿಗೆ 13 ಸಲವಾದರೆ 700 ಡಾಲರ್ ದಾಟುತ್ತದೆ. ಡಾಕ್ಟರ ತಿಂಗಳ ಫೀ ಬೇರೆ. ಈ ಶೇ. 20ಕ್ಕೆ ಮಿತಿ ಇಲ್ಲದಿರುವುದೇ ನಿಜವಾದ ಹೊರೆ, ಪೂರಕ ವಿಮೆಗೆ ಮೊದಲೇ ದಾರಿ ಹುಡುಕಿ.

ರಾತ್ರಿ ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸನ್ನು ಏಳು ದಿನ ಮಾಡಿದರೂ ವಾರಕ್ಕೆ ಮೂರು ಸಲದ ಲೆಕ್ಕದಲ್ಲೇ ಬಿಲ್ ಮಾಡುತ್ತಾರೆ. ಮನೆಯಲ್ಲಿ ಯಂತ್ರ ಇಟ್ಟು ವಾರಕ್ಕೆ ಐದಾರು ಸಲ ರಕ್ತ ಶುದ್ಧಿ ಮಾಡಿಕೊಂಡರೂ ಸಾಮಾನ್ಯವಾಗಿ ಮೂರಕ್ಕೇ ಹಣ. ಹೆಚ್ಚಿನದಕ್ಕೆ ಡಾಕ್ಟರು ವೈದ್ಯಕೀಯ ಕಾರಣ ಬರೆದುಕೊಡಬೇಕು.

ಮನೆಯಲ್ಲಿ ಮಾಡುವವರಿಗೆ ಇನ್ನೊಂದು ದೊಡ್ಡ ಅನುಕೂಲವಿದೆ. ಸೆಂಟರಿಗೆ ಹೋಗುವವರಿಗೆ ಮೆಡಿಕೇರ್ ಶುರುವಾಗುವುದು ನಾಲ್ಕನೇ ತಿಂಗಳಿಂದ. ಮೊದಲ ಮೂರು ತಿಂಗಳೊಳಗೆ ಮನೆ ಡಯಾಲಿಸಿಸ್ ತರಬೇತಿಗೆ ಸೇರಿದರೆ ಮೊದಲ ತಿಂಗಳಿಂದಲೇ ಸಿಗಬಹುದು. ಕಂಪನಿಯ ವಿಮೆ ಇದ್ದರೆ, ಮೆಡಿಕೇರ್‌ಗೆ ಅರ್ಹರಾದ ಮೇಲಿನ 30 ತಿಂಗಳು ಆ ವಿಮೆಯೇ ಮೊದಲು ಹಣ ಕೊಡಬೇಕು. ಕೆಲಸ ಬಿಡುವ ಯೋಚನೆ ಇರುವವರು ಇದನ್ನು ಲೆಕ್ಕ ಹಾಕಿಯೇ ಬಿಡಿ.

ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ. ಯಜಮಾನರಿಗೆ ಮನೆಯಲ್ಲಿ ಶುರುವಾದ ಮೊದಲ ತಿಂಗಳು ದ್ರಾವಣದ ಪೆಟ್ಟಿಗೆಗಳು ಬಂದಿಳಿದು ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಉಳಿಯಲಿಲ್ಲ. ರಾತ್ರಿಯೆಲ್ಲ ಯಂತ್ರ ಗುಂಯ್‌ಗುಟ್ಟುತ್ತದೆ, ಹೊರಹೋಗುವ ನೀರಿನ ಪೈಪು ಬಚ್ಚಲವರೆಗೆ. ಸಹಾಯಕ್ಕೆ ಸಂಬಳದ ಆಳು ಇಟ್ಟರೆ ಮೆಡಿಕೇರ್ ಕೊಡುವುದಿಲ್ಲ. ಆದರೆ ಹಗಲು ಯಜಮಾನರು ಕೆಲಸಕ್ಕೆ ಹೋಗುತ್ತಾರೆ, ಆ ಸಂಬಳ ನಮ್ಮನ್ನು ಉಳಿಸಿದೆ.

ಪ್ರತಿ ಸೆಂಟರಿನಲ್ಲೂ ಸೋಷಿಯಲ್ ವರ್ಕರ್ ಇರುತ್ತಾರೆ. ಮೊದಲ ವಾರವೇ ಅವರ ಹತ್ತಿರ ಕುಳಿತು, ಕಿಡ್ನಿ ಕೈಕೊಟ್ಟಿದೆ ಎಂದು ಮೆಡಿಕೇರ್‌ಗೆ ತಿಳಿಸುವ 2728 ನಂಬರಿನ ಫಾರ್ಮಿಗೆ ಡಾಕ್ಟರ ಸಹಿ ಆಗಿದೆಯೇ ಎಂದು ಕೇಳಿ.