ಫೈನಲ್ ಫ್ಯಾಂಟಸಿ ಎಲ್ಲಿಂದ ಶುರು ಮಾಡೋದು?

ಫೈನಲ್ ಫ್ಯಾಂಟಸಿ ಅನ್ನೋ ವಿಡಿಯೋ ಗೇಮ್ ಸರಣಿ ಆಡಬೇಕು ಅಂತಿರುವವರು 1987ರ ಮೊದಲ ಆಟದಿಂದಲೇ ಹಿಡಿಯಬೇಕಿಲ್ಲ. ನಂಬರ್ ಬದಲಾದರೆ ಕಥೆ, ಲೋಕ, ಪಾತ್ರ ಎಲ್ಲವೂ ಹೊಸದು. ಹೊಸಬರಿಗೆ ನಾನು ಹೇಳೋದು 2001ರ ಹತ್ತನೆಯದನ್ನೇ. ಅದರ ಕಾದಾಟದಲ್ಲಿ ಯಾರ ಸರದಿ ಯಾವಾಗ ಅನ್ನೋದು ಪರದೆಯ ಬಲಗಡೆ ಸಾಲಾಗಿ ಕಾಣುತ್ತೆ, ನೀವು ಆಯ್ಕೆ ಮಾಡುವವರೆಗೂ ಶತ್ರು ಕಾಯುತ್ತೆ. ಆತುರವೇ ಇಲ್ಲ. ಹಾರುವ ಶತ್ರು ಬಂದರೆ ಕಾದಾಟದ ನಡುವೆಯೇ ನಿಮ್ಮ ತಂಡದ ಚೆಂಡೆಸೆಯುವ ವಾಕಾನನ್ನು ಕರೆಸಿ, ಅವನ ಚೆಂಡು ಗುರಿ ತಪ್ಪೋದು ಕಮ್ಮಿ. ಕತ್ತಿಗೆ ಬಗ್ಗದ ಲೋಳೆಯಂಥ ಜೀವಿಗಳಿಗೆ ತಂಡದ ಮಂತ್ರಗಾತಿ ಲುಲುವಿನ ಮಂತ್ರವೇ ಮದ್ದು. ಪ್ರತಿಯೊಬ್ಬರನ್ನೂ ಒಂದು ಸರದಿಯಾದರೂ ಆಡಿಸಿ, ಕಾದಾಟದಲ್ಲಿ ಏನಾದರೂ ಮಾಡಿದವರಿಗಷ್ಟೇ ಬಲ ಬೆಳೆಸುವ ಪಾಯಿಂಟ್ ಸಿಗೋದು. ಏಳನೆಯದರ ರೀಮೇಕ್ ಮಾತ್ರ ಈಗಲೇ ಬೇಡ. 1997ರ ಮೂಲ ಆಟ ಮುಗಿಸಿ ಹೋದರೆ ಅದರ ತಿರುವುಗಳು ಇನ್ನೂ ಚೆನ್ನಾಗಿ ತಟ್ಟುತ್ತವೆ.