ಕಾಲುಚೀಲ ಯಾರು, ಬೂಟು ಏನು?

ಕೈಯಲ್ಲಿ ರೊಟ್ಟಿ ತುಂಡು ಹಿಡಿದುಕೊಂಡು 'ನಿಮೀಚಿನ್ ಪಹ್ಕ್ವೇಸಿಕನ್' ಅಂದೆ. ನಾನು ರೊಟ್ಟಿ ತಿನ್ನುತ್ತಿದ್ದೇನೆ ಅನ್ನೋದು ನನ್ನ ಲೆಕ್ಕ. ತರಗತಿಯಲ್ಲಿ ಎರಡು ಮೂರು ಜನ ನಕ್ಕರು. ಪಾಠ ಹೇಳುತ್ತಿದ್ದ ಅಜ್ಜಿ ಮಾತ್ರ ನಗಲಿಲ್ಲ. 'ನಿಮೊವಾವ್' ಎಂದು ತಿದ್ದಿ ಮುಂದಿನವರ ಕಡೆ ಹೊರಳಿದರು. ನಾನು ತಪ್ಪು ಮಾಡಿದ್ದು ಉಚ್ಚಾರದಲ್ಲಿ ಇರಬೇಕು ಅಂದುಕೊಂಡೆ. ಮನೆಗೆ ಬಂದು ಪುಸ್ತಕ ತೆಗೆದರೆ, ಅದು ಉಚ್ಚಾರವಲ್ಲ, ಬೇರೆ ಕ್ರಿಯಾಪದವೇ.

ಇದು ಕೆನಡಾದ ಸಸ್ಕಟೂನ್‌ನಲ್ಲಿ ನಡೆದದ್ದು. ಕೆಲಸಕ್ಕೆಂದು ಇಲ್ಲಿಗೆ ಬಂದವನು ನಾನು. ಊರಿನ ಹೆಸರು ಯಾಕೆ ಹೀಗಿದೆ ಎಂದು ಒಬ್ಬರನ್ನು ಕೇಳಿದಾಗ, ಅದು ಇಲ್ಲಿನ ಮೂಲನಿವಾಸಿಗಳ ಕ್ರೀ ಭಾಷೆಯ 'ಮಿಸಾಸ್ಕ್ವತೋಮಿನ್' ಎಂಬ ಪುಟ್ಟ ನೇರಳೆ ಬಣ್ಣದ ಹಣ್ಣಿನ ಹೆಸರಿನಿಂದ ಬಂದದ್ದು ಅಂದರು. ಸಸ್ಕಾಚೆವಾನ್ ಎಂಬ ಪ್ರಾಂತ್ಯದ ಹೆಸರು ಕೂಡ ಅದೇ ಭಾಷೆಯದು, ರಭಸವಾಗಿ ಹರಿಯುವ ನದಿ ಅಂತ. ಇಷ್ಟು ಸಾಕಾಯಿತು, ಸಂಜೆ ತರಗತಿಗೆ ಸೇರಿಕೊಂಡೆ. ಬಯಲು ಸೀಮೆಯ ಕ್ರೀ, ಅವರ ಬಾಯಲ್ಲಿ ನೇಹಿಯವೇವಿನ್. ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕ್ರೀ ಮನೆಗಳ ಹುಡುಗ ಹುಡುಗಿಯರೇ. ಅವರವರ ಅಜ್ಜಿ ಆಡುತ್ತಿದ್ದ ಮಾತು ಅಮ್ಮನ ಹೊತ್ತಿಗೆ ನಿಂತುಹೋಗಿತ್ತು, ಅದನ್ನು ಮತ್ತೆ ಹಿಡಿಯಲು ಬಂದವರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಇಟ್ಟಿದ್ದ ವಸತಿ ಶಾಲೆಗಳಲ್ಲಿ ಈ ಭಾಷೆ ಆಡಿದವರಿಗೆ ಶಿಕ್ಷೆ ಕೊಡುತ್ತಿದ್ದ ಕಾಲ ತೀರ ಹಳೆಯದೇನಲ್ಲ. ಹಾಗಾಗಿ ನನ್ನ ವ್ಯಾಕರಣದ ಚಪಲಕ್ಕೆ ತರಗತಿಯ ಸಮಯ ತಿನ್ನಬಾರದು ಎಂದು ನಾನೇ ಒಂದು ಕಟ್ಟು ಹಾಕಿಕೊಂಡೆ. ತಲೆಕೆಡಿಸಿಕೊಳ್ಳುವುದೆಲ್ಲ ಮನೆಯಲ್ಲಿ.

ಮೊದಲ ತಿಂಗಳು ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇದ್ದವು: ಸಕರ್ಮಕ, ಅಕರ್ಮಕ. ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟದ್ದು ಅದೇ ಅಲ್ವಾ? ಕ್ರಿಯಾಪದಕ್ಕೆ 'ಏನನ್ನು' ಅಥವಾ 'ಯಾರನ್ನು' ಎಂಬ ಪ್ರಶ್ನೆ ಹಾಕು, ಉತ್ತರ ಬಂದರೆ ಸಕರ್ಮಕ. ಏನನ್ನು ತಿಂದ? ರೊಟ್ಟಿಯನ್ನು. ಮುಗಿಯಿತು. ಮೇಷ್ಟ್ರು ಎರಡು ಪ್ರಶ್ನೆಗಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಕನ್ನಡಕ್ಕೆ ಅದು ಸಾಕು. ಕ್ರೀಗೆ ಸಾಲದು. ಅಲ್ಲಿ 'ಏನನ್ನು' ಎಂಬುದಕ್ಕೆ ಒಂದು ಕ್ರಿಯಾಪದ, 'ಯಾರನ್ನು' ಎಂಬುದಕ್ಕೆ ಇನ್ನೊಂದು.

ಮಸಿನಹಿಕನ್ ಅಂದರೆ ಪುಸ್ತಕ. 'ನಿವಾಪಹ್ತೇನ್ ಮಸಿನಹಿಕನ್', ನಾನು ಪುಸ್ತಕ ನೋಡುತ್ತೇನೆ. ಅತಿಮ್ ಅಂದರೆ ನಾಯಿ. 'ನಿವಾಪಮಾವ್ ಅತಿಮ್', ನಾನು ನಾಯಿಯನ್ನು ನೋಡುತ್ತೇನೆ. ಮೊದಲಿನ 'ನಿ' ನಾನು ಎಂಬುದರ ಗುರುತು. 'ವಾಪ್' ಎಂಬಷ್ಟು ನೋಟಕ್ಕೆ ಸೇರಿದ್ದು. ಆಮೇಲೆ ಬರುವುದು 'ಅಹ್ತ್' ಆದರೆ ನೋಡಿದ್ದು ನಿರ್ಜೀವ, 'ಅಮ್' ಆದರೆ ಸಜೀವ. ನೋಡಿದ್ದು ಎಂಥದ್ದು ಎಂದು ಕ್ರಿಯಾಪದದ ಹೊಟ್ಟೆಯೊಳಗೇ ಹೇಳಿಯಾಗಿರುತ್ತದೆ.

ಕನ್ನಡಿಗನಿಗೆ ಇದು ಪೂರ್ತಿ ಪರಕೀಯವೇನಲ್ಲ. 'ಪುಸ್ತಕ ನೋಡಿದೆ' ಅನ್ನುತ್ತೇವೆ, 'ಹುಡುಗ ನೋಡಿದೆ' ಅನ್ನುವುದಿಲ್ಲ. ಹುಡುಗನಿಗೆ 'ಅನ್ನು' ಬೇಕೇ ಬೇಕು, ಪುಸ್ತಕಕ್ಕೆ ಬಿಟ್ಟರೂ ನಡೆಯುತ್ತದೆ. ಅಂದರೆ ನಮ್ಮಲ್ಲೂ ಕರ್ಮಕ್ಕೆ ಜೀವ ಇದೆಯೋ ಇಲ್ಲವೋ ಎಂಬ ಲೆಕ್ಕ ಇದೆ. ನಾವು ಅದನ್ನು ನಾಮಪದದ ಬಾಲಕ್ಕೆ ಕಟ್ಟುತ್ತೇವೆ, ಅವರು ಕ್ರಿಯಾಪದದೊಳಗೆ ಇಡುತ್ತಾರೆ. ಇದು ಹೊಳೆದ ದಿನ ಎರಡು ಕಾಲಂಗಳ ಹಾಳೆ ಹರಿದು ಹಾಕಿದೆ.

ಹೊಸ ಹಾಳೆಯಲ್ಲಿ ನಾಲ್ಕು ಮನೆ. ಇವಕ್ಕೆ ಇಂಗ್ಲಿಷಿನಲ್ಲಿ ಚುಟುಕು ಹೆಸರುಗಳಿವೆ: ವಿಐಐ, ವಿಎಐ, ವಿಟಿಐ, ವಿಟಿಎ. ನಿಘಂಟಿನಲ್ಲಿ ಪ್ರತಿ ಕ್ರಿಯಾಪದದ ಪಕ್ಕ ಇದರಲ್ಲಿ ಒಂದು ಇದ್ದೇ ಇರುತ್ತದೆ. ಮೊದಲ ಎರಡು ಅಕರ್ಮಕ. ಅಲ್ಲಿ ಕರ್ತೃ ನಿರ್ಜೀವವೋ (ವಿಐಐ) ಸಜೀವವೋ (ವಿಎಐ) ಎಂಬುದು ಪ್ರಶ್ನೆ. ಬೂಟು ಕೆಂಪಗಿದ್ದರೆ 'ಮಿಹ್ಕ್ವಾವ್', ಕಾಲುಚೀಲ ಕೆಂಪಗಿದ್ದರೆ 'ಮಿಹ್ಕೊಸಿವ್'. ಕೊನೆಯ ಎರಡು ಸಕರ್ಮಕ. ಅಲ್ಲಿ ಕೇಳಬೇಕಾದ್ದು ಕರ್ಮ ಎಂಥದ್ದು ಅಂತ: ನಿರ್ಜೀವವಾದರೆ ವಿಟಿಐ, ಸಜೀವವಾದರೆ ವಿಟಿಎ. ಗಮನಿಸಿ, ಅಕರ್ಮಕದಲ್ಲಿ ಕರ್ತೃವಿನ ಮೇಲೆ ಕಣ್ಣು, ಸಕರ್ಮಕದಲ್ಲಿ ಕರ್ಮದ ಮೇಲೆ ಕಣ್ಣು. ಇದನ್ನು ಒಂದು ಸಲ ಸರಿಯಾಗಿ ಹಿಡಿದುಕೊಂಡರೆ ಪುಸ್ತಕದ ಪಟ್ಟಿಗಳಿಗೆ ಅಷ್ಟು ಹೆದರಬೇಕಿಲ್ಲ.

ಹೌದು, ಮೇಲೆ ಬರೆದದ್ದು ಸರಿಯಾಗೇ ಇದೆ. ಕಾಲುಚೀಲ ಸಜೀವ, ಬೂಟು ನಿರ್ಜೀವ. ಕೈಗವಸು ಸಜೀವ, ಟೋಪಿ ನಿರ್ಜೀವ. ಕಲ್ಲು, ಹಿಮ, ದುಡ್ಡು, ರೊಟ್ಟಿ ಸಜೀವ. ಮಾಂಸ ನಿರ್ಜೀವ. ರಾಸ್ಪ್‌ಬೆರಿ ಸಜೀವ, ಸ್ಟ್ರಾಬೆರಿ ನಿರ್ಜೀವ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. 'ಅಲ್ಲ ಕಣೋ, ಕಾಲುಚೀಲಕ್ಕೆ ಜೀವ ಇದೆ, ಬೂಟಿಗೆ ಇಲ್ವಾ? ಯಾವ ಸೀಮೆ ನ್ಯಾಯ ಅದು?' ಅಂದರು. ನನಗೂ ಮೊದಲು ಹಾಗೇ ಅನಿಸಿತ್ತು. ಇದರ ಹಿಂದೆ ಏನೋ ದೊಡ್ಡ ತತ್ವ ಇರಬೇಕು ಎಂದು ಹುಡುಕಲು ಹೊರಟಿದ್ದೆ. ಆಮೇಲೆ ನಮ್ಮದೇ ಮಾತು ನೆನಪಾಯಿತು. ನಾವು 'ಮಗು ಬಂತು' ಅನ್ನುತ್ತೇವೆ, 'ನಾಯಿ ಬಂತು', 'ಬಸ್ಸು ಬಂತು' ಅಂದ ಹಾಗೇ. ಮಗುವನ್ನು ನಾವು ವಸ್ತು ಅಂದುಕೊಂಡಿದ್ದೇವೆ ಎಂದು ಯಾರಾದರೂ ಹೊರಗಿನವರು ಬರೆದರೆ ನಗು ಬರುವುದಿಲ್ಲವೇ? ಕಲ್ಲಿಗೂ ಹೊಗೆ ಸೇದುವ ಚಿಲುಮೆಗೂ ಅವರ ಆಚರಣೆಗಳಲ್ಲಿ ದೊಡ್ಡ ಸ್ಥಾನ ಇದೆ, ಅದು ನಿಜ. ಆದರೆ ಕಾಲುಚೀಲಕ್ಕೆ ಅಂಥದ್ದನ್ನು ಹುಡುಕುವುದು ಸುಮ್ನೆ ಶ್ರಮ. ಬಾಯಿಪಾಠ ಮಾಡಬೇಕು, ಅಷ್ಟೇ.

ಬಾಯಿಪಾಠಕ್ಕೆ ನಾನು ಮಾಡಿದ್ದು ಇದು. ಅಂಟುವ ಚೀಟಿ ಎರಡು ಬಣ್ಣದ್ದು ತಂದೆ. ಹಳದಿ ಅಂದರೆ 'ಯಾರನ್ನು', ನೀಲಿ ಅಂದರೆ 'ಏನನ್ನು'. ಹಿಟ್ಟಿನ ಡಬ್ಬಕ್ಕೆ ಹಳದಿ, ಪುಸ್ತಕದ ಕಪಾಟಿಗೆ ನೀಲಿ, ಕೆಟಲಿಗೆ ಹಳದಿ. ಬಾಗಿಲ ಹತ್ತಿರ ಬೂಟು ಇಡುವ ಜಾಗದಲ್ಲಿ ಎರಡೂ. ಚಳಿಗಾಲದಲ್ಲಿ ಮಗನನ್ನು ಶಾಲೆಗೆ ಹೊರಡಿಸುವುದೇ ಒಂದು ಅಧ್ಯಾಯ. ಆ ಹೊತ್ತನ್ನು ಪಾಠ ಮಾಡಿಕೊಂಡೆ. 'ಪೊಸ್ತಿಸ್ಕವಿಕ್ ಕಿತಸಿಕನಕ್', ನಿನ್ನ ಕಾಲುಚೀಲ ಹಾಕಿಕೋ. 'ಪೊಸ್ತಿಸ್ಕ ಕಿಮಸ್ಕಿಸಿನ', ನಿನ್ನ ಬೂಟು ಹಾಕಿಕೋ. ಒಂದೇ ಕಾಲು, ಒಂದರ ಮೇಲೊಂದು ಹಾಕಿಕೊಳ್ಳುವ ಎರಡು ವಸ್ತು, ಕ್ರಿಯಾಪದ ಮಾತ್ರ ಬೇರೆ ಬೇರೆ. ಬಹುವಚನವೂ ಬೇರೆ: ಸಜೀವಕ್ಕೆ 'ಅಕ್', ನಿರ್ಜೀವಕ್ಕೆ 'ಅ'. ಮಗ ಒಂದು ವಾರದಲ್ಲಿ ಕಲಿತ. ನನಗೆ ಒಂದು ತಿಂಗಳು ಹಿಡಿಯಿತು.

ಇನ್ನೊಂದು ಮಾಡಿದೆ, ಇದು ಹೆಚ್ಚು ಉಪಯೋಗಕ್ಕೆ ಬಂತು. ನಾವು ನಿಘಂಟಿನಲ್ಲಿ 'ನೋಡು' ಎಂದು ಹುಡುಕುತ್ತೇವೆ. ಕ್ರೀ ನಿಘಂಟಿನಲ್ಲಿ 'ಅವನು ನೋಡುತ್ತಾನೆ' ಎಂಬ ರೂಪ ಇರುತ್ತದೆ. ಅವನು, ಅವಳು ಎಂಬ ಭೇದ ಆ ಭಾಷೆಯಲ್ಲಿಲ್ಲ, ಅದು ಬೇರೆ ಮಾತು. ಈ ರೂಪ ನೋಡಿ ವರ್ಗ ಗುರುತಿಸಲು ಹೋದರೆ ಕೆಲವು ಕಡೆ ಮೋಸ ಹೋಗುತ್ತೇವೆ. 'ಅಮ್' ಎಂದು ಮುಗಿದರೆ ಧೈರ್ಯವಾಗಿ ವಿಟಿಐ ಅನ್ನಬಹುದು: ವಾಪಹ್ತಮ್. ಆದರೆ 'ಏವ್' ಎಂದು ಮುಗಿದರೆ? 'ವಾಪಮೇವ್' ಅಂದರೆ ಅವನನ್ನು ನೋಡುತ್ತಾನೆ, ವಿಟಿಎ. 'ಅತೊಸ್ಕೇವ್' ಅಂದರೆ ಕೆಲಸ ಮಾಡುತ್ತಾನೆ, ವಿಎಐ. ಬಾಲ ಒಂದೇ. 'ನಾನು' ರೂಪಕ್ಕೆ ತಂದಾಗ ಬಣ್ಣ ಬಯಲಾಗುತ್ತದೆ: ನಿವಾಪಮಾವ್, ನಿತತೊಸ್ಕಾನ್. ಒಂದಕ್ಕೆ 'ಆವ್', ಇನ್ನೊಂದಕ್ಕೆ 'ಆನ್'. ಅಲ್ಲಿಂದ ಮುಂದೆ ನನ್ನ ಚೀಟಿಗಳೆಲ್ಲ 'ನಾನು' ರೂಪದಲ್ಲೇ, ಜೊತೆಗೆ ಒಂದು ಕರ್ಮ ಸೇರಿಸಿ. ಒಂಟಿ ಕ್ರಿಯಾಪದ ಬರೆಯುವುದನ್ನು ಬಿಟ್ಟೆ.

ಇಷ್ಟಾದ ಮೇಲೂ ಕಾಡಿದ್ದು ಮತ್ತದೇ ತಿನ್ನುವ ವಿಚಾರ. ಸುಮ್ಮನೆ ಊಟ ಮಾಡುತ್ತಿದ್ದರೆ 'ನಿಮೀಚಿಸೊನ್'. ರೊಟ್ಟಿ ತಿಂದರೆ 'ನಿಮೊವಾವ್'. ಮಾಂಸ ತಿಂದರೆ 'ನಿಮೀಚಿನ್ ವಿಯಾಸ್'. ಮೂರು ಬೇರೆ ಕ್ರಿಯಾಪದ. ಈ ಮೂರನೆಯದು ವಿಟಿಐ ಇರಬೇಕಲ್ಲ? ಹಾಗಾದರೆ 'ಏನ್' ಎಂದು ಮುಗಿಯಬೇಕಿತ್ತು, ನಿವಾಪಹ್ತೇನ್ ತರಹ. ಇದು 'ಇನ್' ಎಂದು ಮುಗಿಯುತ್ತದೆ. ರೂಪ ನೋಡಿದರೆ ಅಕರ್ಮಕ, ಕೆಲಸ ನೋಡಿದರೆ ಸಕರ್ಮಕ. ಎರಡು ರಾತ್ರಿ ನಾನೇ ತಪ್ಪು ಬರೆದುಕೊಂಡಿದ್ದೇನೆ ಎಂದು ಹುಡುಕಿದೆ. ತಪ್ಪಿರಲಿಲ್ಲ. ಅಕರ್ಮಕದ ಅಂಗಿ ಹಾಕಿಕೊಂಡು ಕರ್ಮವನ್ನೂ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಒಂದು ಗುಂಪೇ ಇದೆ. 'ನಿಮಿನಿಹ್ಕ್ವಾನ್ ನಿಪಿಯ್', ನೀರು ಕುಡಿಯುತ್ತೇನೆ, ಅದೂ ಹೀಗೇ. ಮಾಡು, ತಯಾರಿಸು ಎಂಬ ಅರ್ಥದ 'ಒಸೀಹ್ತಾವ್' ಕೂಡ. ಇವಕ್ಕೆ ಐದನೇ ಮನೆ ಕಟ್ಟಲಿಲ್ಲ. ವಿಎಐ ಮನೆಯ ಜಗಲಿಯ ಮೇಲೆ ಕೂರಿಸಿದೆ. ಅದರ ಪಕ್ಕದಲ್ಲೇ ಇನ್ನೊಂದು ತಮಾಷೆ: 'ನಿಪಹ್ಕ್ವೇಸಿಕನಿಹ್ಕಾನ್'. ನಾನು ರೊಟ್ಟಿ ಮಾಡುತ್ತಿದ್ದೇನೆ. ರೊಟ್ಟಿ ಕ್ರಿಯಾಪದದೊಳಗೇ ಕರಗಿದೆ, ಹಾಗಾಗಿ ಇದು ಅಪ್ಪಟ ಅಕರ್ಮಕ. ನಾವು 'ಕನ್ನಡಿಸು' ಅಂದ ಹಾಗೆ 'ರೊಟ್ಟಿಸು' ಅಂದಿದ್ದರೆ ಹೀಗಿರುತ್ತಿತ್ತು.

ಸಜೀವ ಕರ್ಮದ ವರ್ಗ, ಅಂದರೆ ವಿಟಿಎ, ಬೇರೆ ಮೂರನ್ನೂ ಸೇರಿಸಿದಷ್ಟು ಸಮಯ ತಿಂದಿತು. ಅಲ್ಲಿ ಇಬ್ಬರೂ 'ಯಾರು'ಗಳೇ. ಹಾಗಾದರೆ ನೋಡಿದವರು ಯಾರು, ನೋಡಿಸಿಕೊಂಡವರು ಯಾರು? ನಮಗೆ 'ಅನ್ನು' ಇದೆ, ಪದ ಹಿಂದುಮುಂದಾದರೂ ಚಿಂತೆಯಿಲ್ಲ. ಅವರಿಗೆ ಅಂಥ ಪ್ರತ್ಯಯ ಇಲ್ಲ. 'ನಿವಾಪಮಾವ್' ಅಂದರೆ ನಾನು ಅವನನ್ನು ನೋಡುತ್ತೇನೆ. 'ನಿವಾಪಮಿಕ್' ಅಂದರೆ ಅವನು ನನ್ನನ್ನು ನೋಡುತ್ತಾನೆ. ಎರಡರಲ್ಲೂ ಮುಂದೆ 'ನಿ', ಅಂದರೆ ನಾನೇ. 'ಅವನು' ಏನು ಮಾಡಿದರೂ ನನ್ನನ್ನು ದಾಟಿ ಮುಂದಿನ ಜಾಗಕ್ಕೆ ಬರಲಾರ. ದಿಕ್ಕು ಹೇಳುವುದು ನಡುವಿನ ತುಣುಕು: 'ಆ' ಇದ್ದರೆ ನನ್ನಿಂದ ಅವನ ಕಡೆಗೆ, 'ಇಕ್' ಇದ್ದರೆ ಅವನಿಂದ ನನ್ನ ಕಡೆಗೆ. ನನ್ನ ಚೀಟಿಯಲ್ಲಿ ಇವಕ್ಕೆ ಹೋಗುವ ಬಾಣ, ಬರುವ ಬಾಣ ಎಂದು ಗೆರೆ ಎಳೆದೆ.

ಹಾಗಾದರೆ ನಾನು ದೊಡ್ಡವನು ಅಂದುಕೊಂಡೆ. ಅದೂ ಇಲ್ಲ. ನೀನು ಬಂದರೆ ನಾನು ಹಿಂದೆ. 'ಕಿವಾಪಮಿನ್', ನೀನು ನನ್ನನ್ನು ನೋಡುತ್ತೀಯ. 'ಕಿವಾಪಮಿತಿನ್', ನಾನು ನಿನ್ನನ್ನು ನೋಡುತ್ತೇನೆ. ಎರಡಕ್ಕೂ 'ಕಿ', ಅಂದರೆ ನೀನು. ನೋಡುತ್ತಿರುವವನು ನಾನೇ ಆದರೂ ಬಾಯಿ ತೆರೆದರೆ ಮೊದಲು ನೀನೇ ಬರಬೇಕು. ಎಷ್ಟೋ ವಾರ 'ನಿ' ಇಂದಲೇ ಶುರು ಮಾಡಿ ನಾಲಗೆ ಕಚ್ಚಿಕೊಂಡಿದ್ದೇನೆ.

ಒಮ್ಮೆ ತರಗತಿಯನ್ನು ಆನ್‌ಲೈನ್ ನಡೆಸಿದರು. ಅಜ್ಜಿ 'ಕಿಪೇಹ್ತವಿನ್ ಚೀ?' ಅಂದರು. ನನ್ನ ಮಾತು ಕೇಳಿಸುತ್ತಿದೆಯಾ ಅಂತ. ನಿಮ್ಮ ಮಾತು ಕೇಳಿಸುತ್ತಿದೆ ಅನ್ನಬೇಕು. ಮನಸ್ಸಿನಲ್ಲೇ ಲೆಕ್ಕ ಹಾಕಿ 'ಕಿಪೇಹ್ತವಿತಿನ್' ಅಂದೆ. ನಿಯಮದ ಪ್ರಕಾರ ಎಲ್ಲ ಸರಿ, ಕಿವಿಗೆ ತಪ್ಪು. 'ಕಿಪೇಹ್ತಾತಿನ್' ಅಂದರು. 'ಅವ್' ಮತ್ತು 'ಇ' ಸೇರಿ 'ಆ' ಆಗುತ್ತದೆ. ಸಂಧಿ! ಇದಾದರೆ ನಮ್ಮ ಹಳೇ ನೆಂಟ ಎಂದು ಖುಷಿಪಟ್ಟೆ. ಆದರೆ ಅವರ ಪ್ರಶ್ನೆಯಲ್ಲಿದ್ದ 'ಕಿಪೇಹ್ತವಿನ್'ನಲ್ಲಿ ಅದೇ 'ಅವಿ' ಅಲುಗಾಡದೆ ಕೂತಿತ್ತಲ್ಲ? ಸಂಧಿ ಆಗುವ 'ಇ' ಬೇರೆ, ಆಗದ 'ಇ' ಬೇರೆ. ಯಾವುದು ಯಾವುದು ಎಂದು ಜೋಡಿ ಜೋಡಿಯಾಗಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಚೀಟಿಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದುಕೊಂಡಿದ್ದೆ. ಆ ಭಾಷೆಗೆ ಹ್ರಸ್ವ ದೀರ್ಘ ಮುಖ್ಯ, ನಮ್ಮ ಅಕ್ಷರದಲ್ಲಿ ಅದು ತಾನಾಗಿ ಬರುತ್ತದೆ. ಅವರದೇ ಲಿಪಿಯೂ ಇದೆ. ಅಕ್ಷರದ ಆಕಾರ ವ್ಯಂಜನ ಹೇಳುತ್ತದೆ, ಅದನ್ನು ತಿರುಗಿಸಿ ಇಟ್ಟ ದಿಕ್ಕು ಸ್ವರ ಹೇಳುತ್ತದೆ. ಕಾಗುಣಿತ ಕಲಿತವನಿಗೆ ಅದು ಬೇಗ ಒಗ್ಗುತ್ತದೆ.

ವರ್ಷದ ಕೊನೆಯ ತರಗತಿಗೆ ಎಲ್ಲರೂ ತಿನ್ನಲು ಏನಾದರೂ ತರಬೇಕಿತ್ತು. ನಾನು ಕಾವಲಿ ಹೊತ್ತುಕೊಂಡು ಹೋಗಿ ಅಲ್ಲೇ ದೋಸೆ ಹುಯ್ದೆ. ಅಜ್ಜಿ ತಟ್ಟೆಯಲ್ಲಿ ದೋಸೆ ಇಟ್ಟುಕೊಂಡು, ಈಗ ಹೇಳು, ಇದು ಯಾರೋ ಏನೋ, ಅಂದರು. ನಾನು ಸ್ವಲ್ಪ ಯೋಚಿಸಿ 'ನಿಮೊವಾವ್' ಅಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. ತೆಳ್ಳಗಿದೆ, ತೂತಿದೆ, ಇದು ರೊಟ್ಟಿ ಹೇಗಾಗುತ್ತದೆ ಎಂದು ವಾದಕ್ಕೆ ನಿಂತಳು. ಅಜ್ಜಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಹಿಟ್ಟಿನದ್ದು ತಾನೇ, ನನಗಂತೂ ಪಹ್ಕ್ವೇಸಿಕನ್ ಹಾಗೇ ಕಾಣುತ್ತಿದೆ, ಅಂದರು. ಚಟ್ನಿ ಯಾವ ಗುಂಪು ಎಂದು ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅದು ಖಾಲಿಯಾಗಿತ್ತು.