ಮಾಜ್ದಾ 13ಬಿ ರೋಟರಿ ಎಂಜಿನ್ನಿಗೆ ಮನೆಯಲ್ಲೇ ಸ್ಟ್ರೀಟ್ ಪೋರ್ಟಿಂಗ್ ಮಾಡುವ ಕ್ರಮ

ಆರ್‌ಎಕ್ಸ್ 100 ಬೈಕಿನ ಬೋರ್ ಬಿಚ್ಚಿ ಪೋರ್ಟಿಂಗ್ ಮಾಡುವುದನ್ನು, ಅಂದರೆ ಕಿಂಡಿಗಳನ್ನು ಅರೆದು ಹಿಗ್ಗಿಸುವುದನ್ನು, ಗ್ಯಾರೇಜಿನಲ್ಲಿ ನಿಂತು ನೋಡಿದವರಿಗೆ ರೋಟರಿ ಎಂಜಿನ್ನಿನ ಪೋರ್ಟಿಂಗ್ ಅರ್ಧ ಪರಿಚಿತವೇ ಆಗಿರುತ್ತದೆ. ಅಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚಿದರೆ, ಇಲ್ಲಿ ಮೂರು ಮೂಲೆಯ ರೋಟರ್ ತಿರುಗುತ್ತ ಅದೇ ಕೆಲಸವನ್ನು ಮಾಡುತ್ತದೆ. ಕಿಂಡಿಯ ಅಂಚನ್ನು ಒಂದೆರಡು ಮಿಲಿಮೀಟರ್ ಸರಿಸಿದರೆ ಬೇರೆ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬದಲಿಸಿದಷ್ಟೇ ಪರಿಣಾಮವಾಗುತ್ತದೆ. ಆದರೆ ಕ್ಯಾಮ್‌ಶಾಫ್ಟನ್ನು ಬೇಡವೆನಿಸಿದಾಗ ಮರಳಿ ಹಾಕಬಹುದು, ಅರೆದು ತೆಗೆದ ಕಬ್ಬಿಣವನ್ನು ಹಾಗೆ ಹಾಕಲಾಗದು. ಆದ್ದರಿಂದ ಈ ಕೆಲಸದ ಬಹುಪಾಲು ಗ್ರೈಂಡರನ್ನು ಕೈಗೆತ್ತಿಕೊಳ್ಳುವ ಮೊದಲೇ ಮುಗಿದಿರಬೇಕು.

ಇಲ್ಲಿ ವಿವರಿಸಿರುವುದು ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್ನಿಗೆ ಸ್ಟ್ರೀಟ್ ಪೋರ್ಟಿಂಗ್, ಅಂದರೆ ರಸ್ತೆಯಲ್ಲಿ ಓಡಿಸುವ ಕಾರಿಗೆ ಹೊಂದುವಷ್ಟೇ ಕಿಂಡಿ ಹಿಗ್ಗಿಸುವ ಕ್ರಮ. ಇದರಲ್ಲಿ 654 ಸಿಸಿಯ ಎರಡು ರೋಟರ್‌ಗಳಿವೆ. ಗಾಳಿ ಮತ್ತು ಇಂಧನ ಒಳಬರುವ ಇಂಟೇಕ್ ಕಿಂಡಿಗಳು ಬೀಡುಕಬ್ಬಿಣದ ಸೈಡ್ ಪ್ಲೇಟುಗಳಲ್ಲಿದ್ದರೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ಕಿಂಡಿ ಅಲ್ಯೂಮಿನಿಯಂ ರೋಟರ್ ಹೌಸಿಂಗಿನಲ್ಲಿದೆ. 2003ರಲ್ಲಿ ಬಂದ ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಕಿಂಡಿಯೂ ಸೈಡ್ ಪ್ಲೇಟಿಗೇ ಬಂದಿರುವುದರಿಂದ, ಎಕ್ಸಾಸ್ಟ್ ಕುರಿತು ಮುಂದೆ ಹೇಳುವ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಎಂಜಿನ್ ಬಿಚ್ಚುವ ಮೊದಲು ರೋಟರಿಗೆಂದೇ ಇರುವ ಕಂಪ್ರೆಶನ್ ಮೀಟರಿನಿಂದ ಪ್ರತಿ ರೋಟರಿನ ಮೂರೂ ಮುಖಗಳ ಒತ್ತಡವನ್ನು ಅಳೆಯಿರಿ. ಚದರ ಸೆಂಟಿಮೀಟರಿಗೆ 6 ಕೆಜಿಗಿಂತ ಕಡಿಮೆ ಬಂದರೆ ಆ ಎಂಜಿನ್ನಿಗೆ ಮೊದಲು ಬೇಕಾಗಿರುವುದು ಹೊಸ ಸೀಲುಗಳೇ ಹೊರತು ದೊಡ್ಡ ಕಿಂಡಿಯಲ್ಲ. ಬಿಚ್ಚಿದ ಮೇಲೆ ಸೈಡ್ ಪ್ಲೇಟಿನ ಸವೆತವನ್ನು ಡಯಲ್ ಗೇಜಿನಿಂದ ನೋಡಬೇಕು, 0.10 ಮಿಮೀ ಮೀರಿ ಸವೆದ ಪ್ಲೇಟಿನ ಮೇಲೆ ವಾರಗಟ್ಟಲೆ ಶ್ರಮ ಹಾಕುವುದು ಬಿರುಕು ಬಿಟ್ಟ ಗೋಡೆಗೆ ಬಣ್ಣ ಹೊಡೆದಂತೆ.

ಇನ್ನು ಗುರುತು ಹಾಕುವ ಕೆಲಸ. ಸ್ವಲ್ಪ ಓಡಿದ ಎಂಜಿನ್ನಿನ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅದರ ಮೇಲೆ ಎರಡು ಬಗೆಯ ಹೊಳೆಯುವ ಪಟ್ಟಿಗಳು ಕಾಣುತ್ತವೆ. ಒಳಗಿನದು ರೋಟರಿನ ಆಯಿಲ್ ಸೀಲುಗಳು ಉಜ್ಜಿದ ಜಾಡು, ಹೊರಗಿನದು ರೋಟರಿನ ಮೂಲೆಗಳಲ್ಲಿರುವ ಕಾರ್ನರ್ ಸೀಲು ಓಡಿದ ಜಾಡು. ನಿಮಗೆ ಸಿಗುವ ಜಾಗವೆಲ್ಲ ಈ ಎರಡು ಜಾಡುಗಳ ನಡುವೆಯೇ ಇದೆ. ಕಿಂಡಿ ಒಳಗಿನ ಜಾಡನ್ನು ಮುಟ್ಟಿದರೆ ಎಂಜಿನ್ ಆಯಿಲನ್ನು ಹೀರಿಕೊಂಡು ಹೊಗೆ ಉಗುಳುತ್ತದೆ. ಹೊರಗಿನದನ್ನು ದಾಟಿದರೆ ಕಾರ್ನರ್ ಸೀಲು ಕಿಂಡಿಯೊಳಕ್ಕೆ ಜಾರಿ ಅಂಚಿಗೆ ಬಡಿಯುತ್ತದೆ. ಪ್ಲೇಟಿಗೆ ಮಾರ್ಕಿಂಗ್ ಬ್ಲೂ ಬಳಿದು ಒಣಗಿಸಿ, ಗೇರ್ ಮತ್ತು ರೋಟರ್ ಕೂರುವ ಎಕ್ಸೆಂಟ್ರಿಕ್ ಶಾಫ್ಟ್ ಸಮೇತ ರೋಟರನ್ನು ಕೂರಿಸಿ, ಕೈಯಿಂದ ನಿಧಾನವಾಗಿ ತಿರುಗಿಸಿದರೆ ಆ ಗಡಿಗಳು ನೀಲಿಯ ಮೇಲೆ ಇನ್ನೂ ಸ್ಪಷ್ಟವಾಗಿ ಮೂಡುತ್ತವೆ. ಮಾರುಕಟ್ಟೆಯಲ್ಲಿ ಕಿಂಡಿಯ ಆಕಾರದ ಸಿದ್ಧ ಟೆಂಪ್ಲೇಟುಗಳು ಸಿಗುತ್ತವೆ, ನಾನೂ ಒಂದನ್ನು ಕೊಂಡಿದ್ದೆ. ಪ್ಲೇಟಿನ ಸ್ಥಾನ ಹಿಡಿಯುವ ಡೋವೆಲ್ ಪಿನ್ನಿಗೆ ಅದು ಸಡಿಲವಾಗಿ ಕೂರುತ್ತಿದ್ದುದರಿಂದ ಎರಡು ಪ್ಲೇಟುಗಳ ಗೆರೆಗಳಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ವ್ಯತ್ಯಾಸ ಬಂದಿತ್ತು. ಹಾಗಾಗಿ ಟೆಂಪ್ಲೇಟಿನ ಗೆರೆಯನ್ನೂ ಈ ಜಾಡುಗಳಿಗೆ ಹೋಲಿಸಿ ನೋಡಿಯೇ ಸ್ಕ್ರೈಬರಿನಿಂದ ಕೊರೆಯುವುದು ಒಳ್ಳೆಯದು.

ಇಂಟೇಕ್ ಕಿಂಡಿಯ ಮೇಲಂಚು ಮುಚ್ಚುವ ಅಂಚು. ಅದನ್ನು ಮೇಲಕ್ಕೆ ಸರಿಸಿದಷ್ಟೂ ಕಿಂಡಿ ತಡವಾಗಿ ಮುಚ್ಚುತ್ತದೆ, ಹೆಚ್ಚಿನ ಆರ್‌ಪಿಎಂನಲ್ಲಿ ಶಕ್ತಿ ಏರುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಅಷ್ಟೇ ಇಳಿಯುತ್ತದೆ. ಹೊರಬದಿಯ ಅಂಚನ್ನು ಹಿಗ್ಗಿಸಿದರೆ ಕಿಂಡಿ ಬೇಗ ತೆರೆಯುತ್ತದೆ. ಟರ್ಬೊ 13ಬಿಗಳಲ್ಲಿ ಮೂಲತಃ ಸೆಕೆಂಡರಿ ಇಂಟೇಕ್, ಅಂದರೆ ಪ್ರತಿ ರೋಟರಿನ ಎರಡನೇ ಇಂಟೇಕ್ ಕಿಂಡಿ, ಟಿಡಿಸಿಯ (ರೋಟರಿನ ಮುಖದ ಮುಂದಿನ ಜಾಗ ಅತಿ ಕಿರಿದಾಗುವ ಬಿಂದು) ನಂತರ ಸುಮಾರು 32 ಡಿಗ್ರಿಗೆ ತೆರೆಯುತ್ತದೆ, ಎಕ್ಸಾಸ್ಟ್ ಸುಮಾರು 48 ಡಿಗ್ರಿಗೆ ಮುಚ್ಚುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಈ ಅವಧಿ ಹಿಗ್ಗಿದಷ್ಟೂ ಐಡ್ಲಿಂಗ್ ಕುಂಟತೊಡಗುತ್ತದೆ. ಕಾರ್ನರ್ ಸೀಲಿಗೆ ಒಂದು ಕಿರಿದಾದ ಸೇತುವೆಯನ್ನಷ್ಟೇ ಬಿಟ್ಟು ಅದರಾಚೆಗೆ ಇನ್ನೊಂದು ಸೀಳು ಕೊರೆಯುವ ಬ್ರಿಡ್ಜ್ ಪೋರ್ಟಿನಲ್ಲಿ ಆ ಕುಂಟುವಿಕೆಯೇ ದೊಡ್ಡ ಆಕರ್ಷಣೆಯಾಗಿಬಿಟ್ಟಿದೆ. ಸದ್ದಿಗಾಗಿ ಎಂಜಿನ್ನಿನ ಆಯುಷ್ಯವನ್ನು ಒತ್ತೆಯಿಡುವುದು ನನಗಂತೂ ಒಪ್ಪಿಗೆಯಾಗದ ವ್ಯವಹಾರ, ಮೊದಲ ಸಲದವರಿಗೆ ಅದು ಬೇಡವೇ ಬೇಡ.

ಮುಚ್ಚುವ ಅಂಚಿನ ಆಕಾರದಲ್ಲಿ ಹಲವರು ಎಡವುತ್ತಾರೆ. ರೋಟರಿನ ಪಕ್ಕದಲ್ಲಿರುವ ಸೈಡ್ ಸೀಲು ಒಂದು ಮಿಲಿಮೀಟರ್ ದಪ್ಪವೂ ಮೀರದ, ತುಸು ಬಾಗಿದ ಪಟ್ಟಿ. ಕಿಂಡಿಯ ಅಂಚು ಆ ಪಟ್ಟಿಗೆ ಸಮಾನಾಂತರವಾಗಿದ್ದರೆ ಸೀಲಿನ ಉದ್ದವೆಲ್ಲ ಒಂದೇ ಕ್ಷಣದಲ್ಲಿ ಅಂಚಿಗೆ ಎದುರಾಗಿ ತಾಗುತ್ತದೆ. ಅಂಚು ಓರೆಯಾಗಿದ್ದರೆ ಕತ್ತರಿಯ ಅಲಗುಗಳ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲನೆ ಹಾದುಹೋಗುತ್ತದೆ. ಮೂಲೆಗಳು ದುಂಡಗಿರಲಿ, ಅಂಚಿಗೆ ಕಣ್ಣಿಗೆ ಕಾಣುವಷ್ಟು ಸಣ್ಣ ಇಳಿಜಾರು ಇರಲಿ. ಉಗುರು ಎಳೆದರೆ ಎಲ್ಲಿಯೂ ತಡೆಯಬಾರದು.

ಅರೆಯುವ ಮೊದಲು ಆಯಿಲ್ ಮತ್ತು ನೀರಿನ ದಾರಿಗಳನ್ನೆಲ್ಲ ಬಿರಡೆ ಹಾಕಿ ಮುಚ್ಚಬೇಕು, ಪ್ಲೇಟಿನ ಉಜ್ಜುವ ಮೇಲ್ಮೈಗೆ ದಪ್ಪ ಟೇಪ್ ಅಂಟಿಸಬೇಕು. ಗ್ರೈಂಡರಿನ ಅರೆಯುವ ತುದಿಯಾದ ಬರ್ ಒಮ್ಮೆ ಕೈತಪ್ಪಿ ಆ ಮೇಲ್ಮೈಯ ಮೇಲೆ ಕುಣಿದರೂ ಪ್ಲೇಟ್ ಕೆಟ್ಟಂತೆಯೇ. ಕನ್ನಡಕ, ಮಾಸ್ಕ್ ಧರಿಸಿ, ಡೈ ಗ್ರೈಂಡರಿಗೆ ಕಾರ್ಬೈಡ್ ಬರ್ ಹಾಕಿ, ಗೆರೆಗೆ ಅರ್ಧ ಮಿಲಿಮೀಟರ್ ಉಳಿಸಿ ಅರೆದು, ಉಳಿದದ್ದನ್ನು ಸ್ಯಾಂಡ್ ರೋಲಿನಿಂದ ಮುಗಿಸಿ. ಕಿಂಡಿಯ ಬಾಯಿಯಿಂದ ಒಳದಾರಿಗೆ ತಿರುಗುವಲ್ಲಿ ಮೆಟ್ಟಿಲು ಉಳಿಯದಂತೆ ನುಣುಪಾಗಿ ಸೇರಿಸಬೇಕು, ಆದರೆ ಅಲ್ಲಿ ದುರಾಸೆ ಸಲ್ಲದು, ಏಕೆಂದರೆ ಆ ಗೋಡೆಯ ಹಿಂದೆಯೇ ಕೂಲಂಟ್ ಹರಿಯುವ ಜಾಗವಿದೆ ಮತ್ತು ಎರಕದ ದಪ್ಪ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಕನ್ನಡಿಯಂಥ ಪಾಲಿಶ್ ಇಂಟೇಕಿಗೆ ಅನಗತ್ಯ.

ಎಕ್ಸಾಸ್ಟಿನಲ್ಲಿ ಕೆಳಗಿನ ಅಂಚು ತೆರೆಯುವುದು, ಮೇಲಿನದು ಮುಚ್ಚುವುದು. ನಾನು ಕೆಳಗಿನದನ್ನೇ ಹೆಚ್ಚು ಇಳಿಸಿ, ಮೇಲಿನದನ್ನು ತುಸುವೇ ಏರಿಸುತ್ತೇನೆ. ಅಗಲವನ್ನು ಮಾತ್ರ ಮಿತಿಯಲ್ಲಿಡಬೇಕು, ಏಕೆಂದರೆ ಕಿಂಡಿಯನ್ನು ದಾಟುವಾಗ ರೋಟರಿನ ಚೂಪು ತುದಿಯಲ್ಲಿರುವ ಏಪೆಕ್ಸ್ ಸೀಲಿಗೆ ಆಸರೆಯಾಗಿರುವುದು ಎರಡು ಬದಿಯಲ್ಲಿ ಉಳಿದ ಲೋಹ ಮಾತ್ರ. ಹೌಸಿಂಗಿನ ಒಳಮೈಯಲ್ಲಿ ಕ್ರೋಮ್ ಲೇಪನವಿರುವುದರಿಂದ ಬರ್ ಯಾವಾಗಲೂ ಕ್ರೋಮನ್ನು ಅದರ ಕೆಳಗಿನ ಲೋಹದತ್ತ ಒತ್ತುವ ದಿಕ್ಕಿನಲ್ಲಿ ತಿರುಗಬೇಕು. ವಿರುದ್ಧ ದಿಕ್ಕಿನಲ್ಲಿ ಹಿಡಿದರೆ ಅಂಚಿನಲ್ಲಿ ಹಕ್ಕಳೆ ಎದ್ದು, ಏಪೆಕ್ಸ್ ಸೀಲು ಸುತ್ತು ಸುತ್ತಿಗೂ ಅಲ್ಲಿ ಸವೆಯುತ್ತ ಹೋಗುತ್ತದೆ.

ಎಲ್ಲ ಭಾಗಗಳನ್ನೂ ಬಿಸಿ ಸೋಪಿನ ನೀರಿನಲ್ಲಿ ತೊಳೆದು, ಬಿರಡೆಗಳನ್ನು ತೆಗೆದು ಪ್ರತಿ ದಾರಿಗೂ ಗಾಳಿ ಹೊಡೆದು, ಬೀಡುಕಬ್ಬಿಣದ ಪ್ಲೇಟಿಗೆ ತಡಮಾಡದೆ ಆಯಿಲ್ ಸವರಿ. ಕಾಫಿ ಕುಡಿದು ಬರುವಷ್ಟರಲ್ಲಿ ತುಕ್ಕಿನ ಕೆಂಪು ಕಾಣಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಜೋಡಿಸುವಾಗ ರಬ್ಬರ್ ಸೀಲುಗಳೆಲ್ಲ ಹೊಸದಿರಲಿ, ಸೈಡ್ ಸೀಲಿನ ತುದಿಯ ಸಂದು 0.05ರಿಂದ 0.15 ಮಿಮೀ ಒಳಗಿರಲಿ.

ಹಳೆಯ ಟ್ಯೂನಿಂಗಿನಲ್ಲೇ ಎಂಜಿನ್ನನ್ನು ಜೋರಾಗಿ ಓಡಿಸಬೇಡಿ. ಹೆಚ್ಚು ಗಾಳಿ ಒಳಬರುವುದರಿಂದ ಇಂಧನ ಸಾಲದಾಗುತ್ತದೆ, ಹಾಗಾದಾಗ ಆಗುವ ಡಿಟೋನೇಶನ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಒಂದೆರಡು ಸೆಕೆಂಡುಗಳಲ್ಲೇ ಏಪೆಕ್ಸ್ ಸೀಲನ್ನು ಮುರಿಯಬಲ್ಲದು. ಗಾಳಿ-ಇಂಧನದ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಹಾಕಿ, ಇಂಧನ ಮತ್ತು ಇಗ್ನಿಶನ್ ನಕ್ಷೆಗಳನ್ನು ಹೊಸದಾಗಿ ಸಿದ್ಧಪಡಿಸಿಕೊಳ್ಳಿ. ಬಳಸಿದ ಟೆಂಪ್ಲೇಟುಗಳನ್ನು ಎಸೆಯದೆ, ಯಾವ ಪ್ಲೇಟಿನದು ಯಾವುದೆಂದು ಬರೆದು ಎತ್ತಿಡಿ, ಏಕೆಂದರೆ ಮುಂದೆ ಒಂದೇ ಒಂದು ಪ್ಲೇಟನ್ನು ಬದಲಿಸಬೇಕಾಗಿ ಬಂದಾಗ ಹೊಸದನ್ನು ಉಳಿದವುಗಳಿಗೆ ಸರಿಯಾಗಿ ಹೊಂದುವಂತೆ ಕೊರೆಯಲು ಅವೇ ಬೇಕಾಗುತ್ತವೆ.